ತತ್ತ್ವನಿಷ್ಠ ವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್

ನಿತ್ಯವೂ ಕಣ್ಣೆದುರಿಗೆ ನಡೆಯುತ್ತಿದ್ದರೂ ಕಾರಣವನ್ನು ಯಾರೂ ವಿಚಾರಿಸದ ಸಂಗತಿಗಳು ಲೋಕದಲ್ಲಿ ಅನೇಕವಿವೆ. ಒಲೆಯಿಂದ ಇಳಿಸಿದ ಹಾಲು ತಾನಾಗಿಯೇ ಆರುತ್ತದೆ. ಆರಿದ ಹಾಲು ತಾನಾಗಿಯೇ ಕಾಯುವುದಿಲ್ಲ. ಮೂಲೆಯಲ್ಲಿ ಹಚ್ಚಿಟ್ಟ ಊದುಬತ್ತಿಯ ಪರಿಮಳವು ಮನೆಯೆಲ್ಲವನ್ನೂ ತುಂಬುತ್ತದೆ. ಹಾಗೆ ತುಂಬಿದ ಪರಿಮಳವು ಮರಳಿ ಬಂದು ಕಡ್ಡಿಯ ತುದಿಯನ್ನು ಸೇರಿದುದನ್ನು ಕಂಡವರಿಲ್ಲ. ಉರುಳುವ ಗಾಲಿಯು ಘರ್ಷಣೆಯಿಂದ ಬಿಸಿಯಾಗಿ ನಿಲ್ಲುತ್ತದೆ. ಆ ಬಿಸಿಯು ತಿರುಗಿ ಗಾಲಿಯನ್ನು ಉರುಳಿಸುವುದಿಲ್ಲ. ಪ್ರಕೃತಿಯ ಈ ವ್ಯಾಪಾರಗಳೆಲ್ಲ ಒಂದೇ ದಿಕ್ಕಿಗೆ ಸಾಗುವುದೇಕೆಂಬ ಪ್ರಶ್ನೆಗೆ ಕಣ್ಣಿಗೆ ಕಾಣದ ಅಣುಗಳ ಲೆಕ್ಕದಿಂದ ಉತ್ತರವನ್ನು ಕಂಡುಕೊಂಡು, ಸಮಕಾಲೀನರಲ್ಲಿ ಹಲವರು ಅದನ್ನು ಒಪ್ಪದಿದ್ದರೂ ಕೈಬಿಡದೆ ನಿಂತವನು ಆಸ್ಟ್ರಿಯಾ ದೇಶದ ಲುಡ್ವಿಗ್ ಬೋಲ್ಟ್ಸ್‌ಮನ್.

ಈತನು 1844ನೆಯ ಇಸವಿ ಫೆಬ್ರವರಿ 20ರಂದು ವಿಯೆನ್ನಾ ನಗರದಲ್ಲಿ ಜನಿಸಿದನು. ತಂದೆಯು ತೆರಿಗೆ ಇಲಾಖೆಯ ಅಧಿಕಾರಿ. ತಾಯಿ ಕಥಾರಿನಾ ಸಾಲ್ಜ್‌ಬರ್ಗ್ ಕಡೆಯವಳು. ತಾತನು ಗಡಿಯಾರಗಳನ್ನು ತಯಾರಿಸುವವನು. ಕ್ರೈಸ್ತರ ಉಪವಾಸಕಾಲಕ್ಕೆ ಮುಂಚಿನ ಉತ್ಸವವು ಮುಗಿದು ವ್ರತದ ದಿನವು ಮೊದಲಾಗುವ ರಾತ್ರಿಯಲ್ಲಿ ತಾನು ಹುಟ್ಟಿದುದರಿಂದಲೇ ತನ್ನ ಮನಸ್ಸು ಹರ್ಷದಿಂದ ವಿಷಾದಕ್ಕೆ ಥಟ್ಟನೆ ತಿರುಗುವುದೆಂದು ಆತನು ಮುಂದೆ ವಿನೋದವಾಗಿ ಹೇಳಿಕೊಳ್ಳುತ್ತಿದ್ದನು. ಆ ವಿನೋದದೊಳಗೆ ಅಡಗಿದ್ದ ಸತ್ಯವು ಆತನ ಬಾಳಿನ ಕೊನೆಯಲ್ಲಿ ಎಲ್ಲರಿಗೂ ತಿಳಿಯುವಂತಾಯಿತು.

ಬಾಲ್ಯವು ವೆಲ್ಸ್ ಮತ್ತು ಲಿಂಟ್ಸ್ ಊರುಗಳಲ್ಲಿ ಕಳೆಯಿತು. ಲಿಂಟ್ಸ್‌ನಲ್ಲಿ ಕೆಲವು ಕಾಲ ಪ್ರಸಿದ್ಧ ಸಂಗೀತಗಾರನಾದ ಆಂಟನ್ ಬ್ರುಕ್ನರನ ಬಳಿ ಪಿಯಾನೊ ವಾದ್ಯವನ್ನು ಅಭ್ಯಸಿಸಿದನು; ಸಂಗೀತದ ಒಲವು ಕಡೆಯವರೆಗೂ ಉಳಿಯಿತು. ಹದಿನೈದನೆಯ ವಯಸ್ಸಿನಲ್ಲಿ ಪಿತೃವಿಯೋಗವಾಯಿತು. ತಾಯಿಯು ಎದೆಗುಂದದೆ ಮಗನ ವಿದ್ಯಾಭ್ಯಾಸಕ್ಕಾಗಿಯೇ ತನ್ನಲ್ಲಿದ್ದುದನ್ನು ಮೀಸಲಿಟ್ಟಳು. 1863ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿದ ತರುಣನಿಗೆ ಯೋಸೆಫ್ ಸ್ಟೆಫಾನ್ ಮತ್ತು ಯೋಸೆಫ್ ಲೋಶ್ಮಿಟ್ ಎಂಬಿಬ್ಬರು ಸದ್ಗುರುಗಳು ದೊರೆತರು. ವಾಯುವಿನ ಅಣುವಿನ ಗಾತ್ರವೆಷ್ಟೆಂಬುದನ್ನು 1865ರಲ್ಲಿ ಮೊದಲು ಅಂದಾಜು ಮಾಡಿದವನು ಈ ಲೋಶ್ಮಿಟನೇ. ಸ್ಟೆಫಾನನು ಶಿಷ್ಯನ ಕೈಗೆ ಮ್ಯಾಕ್ಸ್‌ವೆಲ್ಲನ ಲೇಖನಗಳನ್ನಿತ್ತು, ಅವನ್ನು ಓದಲು ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದನ್ನೂ ಜೊತೆಗೆ ಕೊಟ್ಟನೆಂದು ಹೇಳುವರು. 1866ರಲ್ಲಿ ಡಾಕ್ಟರ್ ಪದವಿಯೂ, 1869ರಲ್ಲಿ, ಎಂದರೆ ಇಪ್ಪತ್ತೈದನೆಯ ವಯಸ್ಸಿಗೇ, ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿಯೂ ಲಭಿಸಿದವು.

ಆ ಕಾಲದಲ್ಲಿ ಉಷ್ಣವನ್ನು ಕುರಿತ ವಿಚಾರವು ಯಾವ ಘಟ್ಟದಲ್ಲಿತ್ತೆಂಬುದನ್ನು ಅರಿಯದೆ ಬೋಲ್ಟ್ಸ್‌ಮನ್ನನ ಸಾಧನೆಯ ಹಿರಿಮೆಯು ತಿಳಿಯದು. ಜರ್ಮನಿಯ ಕ್ಲಾಸಿಯುಸನು 1865ರಲ್ಲಿ ಎಂಟ್ರೊಪಿ ಎಂಬ ಹೊಸ ಪರಿಮಾಣವೊಂದಕ್ಕೆ ನಾಮಕರಣ ಮಾಡಿದ್ದನು. ವಸ್ತುವೊಂದಕ್ಕೆ ಬಂದ ಅಥವಾ ಅದರಿಂದ ಹೋದ ಉಷ್ಣವನ್ನು ಅದರ ನಿರಪೇಕ್ಷ ತಾಪದಿಂದ ಭಾಗಿಸಿದರೆ ಬರುವುದೇ ಎಂಟ್ರೊಪಿಯ ಬದಲಾವಣೆ. ಒಂದು ದೃಷ್ಟಾಂತವನ್ನು ನೋಡಬಹುದು. 400 ಕೆಲ್ವಿನ್ ತಾಪದ ದೊಡ್ಡ ವಸ್ತುವಿನಿಂದ 300 ಕೆಲ್ವಿನ್ ತಾಪದ ಮತ್ತೊಂದಕ್ಕೆ 100 ಜೂಲ್ ಉಷ್ಣವು ಹರಿಯಿತೆನ್ನೋಣ. ಬಿಸಿಯಾದುದು ಕಳೆದುಕೊಂಡ ಎಂಟ್ರೊಪಿಯು 0.25 ಜೂಲ್ ಪ್ರತಿ ಕೆಲ್ವಿನ್. ತಣ್ಣಗಿರುವುದು ಪಡೆದುದು ಸುಮಾರು 0.33. ಶಕ್ತಿಯಲ್ಲಿ ಹೆಚ್ಚುಕಡಿಮೆಯೇನೂ ಆಗಲಿಲ್ಲ. ಕೊಟ್ಟುದೂ ಪಡೆದುದೂ ಅದೇ 100 ಜೂಲ್. ಆದರೆ ಎಂಟ್ರೊಪಿಯಲ್ಲಿ ಸುಮಾರು 0.08ರಷ್ಟು ಹೊಸದಾಗಿ ಉತ್ಪತ್ತಿಯಾಯಿತು. ಹೀಗೆ ಉತ್ಪತ್ತಿಯಾದುದು ಮತ್ತೆ ಲಯವಾಗುವುದಿಲ್ಲವೆಂಬುದೇ ಉಷ್ಣಗತಿವಿಜ್ಞಾನದ ಎರಡನೆಯ ನಿಯಮ. ಹಾಲು ಆರುವುದೂ, ಪರಿಮಳ ಹರಡುವುದೂ, ಗಾಲಿ ನಿಲ್ಲುವುದೂ ಈ ನಿಯಮಕ್ಕೆ ಅಧೀನವಾಗಿವೆ.

ನಿಯಮವೇನೋ ದೊರೆಯಿತು; ಅದರ ಮೂಲವೆಲ್ಲಿ ಎಂಬುದು ದೊರೆಯಲಿಲ್ಲ. ವಾಯುವೆಂಬುದು ಅತ್ಯಂತ ವೇಗದಿಂದ ಚಲಿಸುವ ಅಣುಗಳ ಸಮೂಹವೆಂದು ಕ್ಲಾಸಿಯುಸ್, ಮ್ಯಾಕ್ಸ್‌ವೆಲ್ ಮೊದಲಾದವರು ಊಹಿಸಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಅಣುಗಳ ವೇಗವು ಸೆಕೆಂಡಿಗೆ ಸುಮಾರು 500 ಮೀಟರ್. ಹಾಗಿದ್ದರೆ ಊದುಬತ್ತಿಯ ಪರಿಮಳವು ಕ್ಷಣಮಾತ್ರದಲ್ಲಿ ಮನೆಯನ್ನು ತುಂಬಬೇಡವೆ ಎಂಬ ಆಕ್ಷೇಪವು ಹುಟ್ಟಿತು. ಅಣುವು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ದೂರವನ್ನೂ ಸಾಮಾನ್ಯವಾಗಿ ತಡೆಯಿಲ್ಲದೆ ಸಾಗಲಾರದು. ಅಷ್ಟರೊಳಗೆ ಮತ್ತೊಂದಕ್ಕೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತದೆ. ಆದುದರಿಂದಲೇ ಪರಿಮಳವು ಮೆಲ್ಲಗೆ ಹರಡುವುದು. ಇಷ್ಟು ತಿಳಿದರೂ ಮುಖ್ಯವಾದ ತೊಡಕು ಉಳಿದೇ ಇತ್ತು. ಅಣುಗಳ ಡಿಕ್ಕಿಯು ನ್ಯೂಟನ್ನನ ಚಲನನಿಯಮಗಳಿಗೆ ಒಳಪಟ್ಟದ್ದು. ಆ ನಿಯಮಗಳಲ್ಲಿ ಹಿಂದು ಮುಂದು ಎಂಬ ಭೇದವಿಲ್ಲ. ಭೇದವನ್ನರಿಯದ ಅಣುಗಳ ಚಲನೆಯಿಂದ ಹಿಂದಿರುಗದ ಲೋಕವ್ಯಾಪಾರವು ಹೇಗೆ ಮೂಡಿತು? ಬೋಲ್ಟ್ಸ್‌ಮನ್ನನ ಆಯುಷ್ಯವೆಲ್ಲವೂ ಈ ಒಂದು ಪ್ರಶ್ನೆಗೆ ಸಂದಿತು.

1872ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನು ಪ್ರಕಟಿಸಿದ ಪ್ರಬಂಧವು ಭೌತವಿಜ್ಞಾನದಲ್ಲಿ ಹೊಸ ಅಧ್ಯಾಯವನ್ನೇ ತೆರೆಯಿತು. ಸಮಸ್ಥಿತಿಯನ್ನು ಇನ್ನೂ ಮುಟ್ಟದ ವಾಯುವಿನಲ್ಲಿ, ಎಂದರೆ ಒಂದೆಡೆ ಬಿಸಿ ಇನ್ನೊಂದೆಡೆ ತಂಪು, ಒಂದೆಡೆ ವೇಗ ಇನ್ನೊಂದೆಡೆ ನಿಧಾನ ಎಂಬಂತಿರುವ ವಾಯುವಿನಲ್ಲಿ, ಅಣುಗಳ ವೇಗದ ಹಂಚಿಕೆಯು ಕ್ಷಣಕ್ಷಣಕ್ಕೂ ಹೇಗೆ ಬದಲಾಗುವುದೆಂಬುದನ್ನು ತಿಳಿಸುವ ಸಮೀಕರಣವೊಂದನ್ನು ಆತನು ಅದರಲ್ಲಿ ಕೊಟ್ಟನು. ಅಷ್ಟೇ ಅಲ್ಲದೆ, ಆ ಹಂಚಿಕೆಯಿಂದ ಗಣಿಸಿದ ಒಂದು ಪರಿಮಾಣವು ಡಿಕ್ಕಿಗಳ ಫಲವಾಗಿ ಇಳಿಯುತ್ತಲೇ ಹೋಗಿ ಸಮಸ್ಥಿತಿಯಲ್ಲಿ ಮಾತ್ರ ನಿಲ್ಲುವುದೆಂದು ಸಿದ್ಧಪಡಿಸಿದನು. ಆ ಪರಿಮಾಣದ ಇಳಿಕೆಯೇ ಎಂಟ್ರೊಪಿಯ ಏರಿಕೆ. ಕಣ್ಣಿಗೆ ಕಾಣುವ ಉಷ್ಣವಹನ, ವಾಯುಗಳ ಒಳಘರ್ಷಣೆ, ಪರಿಮಳದ ಪಸರಿಕೆ ಇವೆಲ್ಲವೂ ಕಾಣದ ಡಿಕ್ಕಿಗಳ ಒಟ್ಟು ಫಲವೆಂದು ಇದರಿಂದ ಗಣಿತದ ಮೂಲಕ ತೋರಿಸುವುದು ಸಾಧ್ಯವಾಯಿತು. ಅಣುವಿನ ಪ್ರಪಂಚಕ್ಕೂ ಅನುಭವದ ಪ್ರಪಂಚಕ್ಕೂ ನಡುವೆ ಸೇತುವೆಯೊಂದು ಏರ್ಪಟ್ಟಿತು.

ಈ ಸೇತುವೆಯನ್ನು ಮೊದಲು ಪರೀಕ್ಷಿಸಿದವನು ಹೊರಗಿನವನಲ್ಲ, ಗುರುವೂ ಮಿತ್ರನೂ ಆದ ಲೋಶ್ಮಿಟನೇ. 1876ರಲ್ಲಿ ಆತನು ಒಂದು ಆಕ್ಷೇಪವನ್ನೆತ್ತಿದನು. ಯಾವುದೋ ಒಂದು ಕ್ಷಣದಲ್ಲಿ ಎಲ್ಲ ಅಣುಗಳ ವೇಗವೂ ತಿರುಗುಮುರುಗಾದರೆ ಅವು ಬಂದ ದಾರಿಯಲ್ಲಿಯೇ ಮರಳಬೇಕಲ್ಲವೆ? ಆಗ ಎಂಟ್ರೊಪಿಯು ಇಳಿಯಬೇಕಾಗುವುದು. ಚಲನನಿಯಮಗಳು ಇದನ್ನು ತಡೆಯುವುದಿಲ್ಲ. ಆಕ್ಷೇಪವು ಬಲವಾದುದೇ ಆಗಿತ್ತು. ಬೋಲ್ಟ್ಸ್‌ಮನ್ನನು ಗುರುವಿನ ಮಾತನ್ನು ಬದಿಗೊತ್ತದೆ ಮತ್ತಷ್ಟು ಆಳಕ್ಕಿಳಿದು 1877ರಲ್ಲಿ ಉತ್ತರವಿತ್ತನು. ಎರಡನೆಯ ನಿಯಮವು ಎಂದೆಂದೂ ಮೀರಲಾಗದ ಕಟ್ಟಳೆಯಲ್ಲ. ಅದು ಸಂಭವನೀಯತೆಯ ನಿಯಮ ಎಂಬುದೇ ಆ ಉತ್ತರದ ಸಾರ.

ವಿದ್ಯಾರ್ಥಿಗಳು ಇದನ್ನು ಸುಲಭವಾದ ಎಣಿಕೆಯಿಂದ ತಿಳಿಯಬಹುದು. ಎಡ ಬಲವೆಂದು ಎರಡು ಸಮಭಾಗಗಳುಳ್ಳ ಪೆಟ್ಟಿಗೆಯಲ್ಲಿ ನಾಲ್ಕು ಅಣುಗಳಿವೆಯೆನ್ನೋಣ. ಅವು ಇರಬಹುದಾದ ವಿನ್ಯಾಸಗಳು ಒಟ್ಟು 16. ನಾಲ್ಕೂ ಎಡಕ್ಕೇ ಇರುವ ವಿನ್ಯಾಸವು ಒಂದೇ ಒಂದು. ಎರಡೆರಡಾಗಿ ಹಂಚಿಕೊಂಡಿರುವ ವಿನ್ಯಾಸಗಳು ಆರು. ಅಣುಗಳು ನೂರಾದರೆ ಎಲ್ಲವೂ ಎಡಕ್ಕೇ ಸೇರುವ ಸಂಭವವು, ಒಂದರ ಮುಂದೆ ಮೂವತ್ತು ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಯಲ್ಲಿ ಒಂದಕ್ಕಿಂತಲೂ ಕಡಿಮೆ. ಇನ್ನು ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿರುವ ಅಣುಗಳ ಸಂಖ್ಯೆಯಾದರೋ ಒಂದರ ಮುಂದೆ ಹತ್ತೊಂಬತ್ತು ಸೊನ್ನೆಗಳನ್ನಿಟ್ಟುದಕ್ಕಿಂತಲೂ ಹೆಚ್ಚು. ಅವೆಲ್ಲವೂ ಒಂದೇ ಮೂಲೆಗೆ ಬಂದು ಸೇರುವುದು ಅಶಕ್ಯವಲ್ಲ. ಆದರೆ ಅದಕ್ಕಾಗಿ ಕಾಯಲು ವಿಶ್ವದ ಆಯುಷ್ಯವೂ ಸಾಲದು. ಒಂದು ಸ್ಥಿತಿಗೆ ಅನುಕೂಲವಾದ ವಿನ್ಯಾಸಗಳು ಎಷ್ಟು ಹೆಚ್ಚೋ ಆ ಸ್ಥಿತಿಯ ಎಂಟ್ರೊಪಿಯೂ ಅಷ್ಟು ಹೆಚ್ಚು; ಅದು ಆ ವಿನ್ಯಾಸಗಳ ಸಂಖ್ಯೆಯ ಲಾಗರಿದಮ್ಮಿನ ಅನುಪಾತದಲ್ಲಿರುತ್ತದೆ. ಇದು ಬೋಲ್ಟ್ಸ್‌ಮನ್ನನ ಹೆಸರನ್ನು ಚಿರಸ್ಥಾಯಿಗೊಳಿಸಿದ ಸೂತ್ರ.

ಇದಕ್ಕೆ ಹಿಂದಿನ ವರ್ಷ, 1876ರಲ್ಲಿ, ಆತನು ಹೆನ್ರಿಯೆಟ್ಟೆ ಫಾನ್ ಐಗೆಂಟ್ಲರ್ ಎಂಬ ವಿದ್ಯಾವತಿಯನ್ನು ವಿವಾಹವಾದನು. ಗಣಿತವನ್ನೂ ಭೌತವಿಜ್ಞಾನವನ್ನೂ ಕಲಿಯಬೇಕೆಂದು ಆಕೆ ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶವನ್ನು ಬಯಸಿದಾಗ ಸ್ತ್ರೀಯೆಂಬ ಕಾರಣಕ್ಕೆ ಅಡ್ಡಿಗಳು ಬಂದವು. ಹಿಂಜರಿಯದೆ ಮೇಲಿನವರಿಗೆ ಮನವಿ ಸಲ್ಲಿಸುವಂತೆ ಪ್ರೋತ್ಸಾಹಿಸಿದವನು ಬೋಲ್ಟ್ಸ್‌ಮನ್ನನು. ಮದುವೆಯಾದ ಬಳಿಕ ಗ್ರಾಟ್ಸ್‌ನಲ್ಲಿ ಕಳೆದ ಹದಿನಾಲ್ಕು ವರ್ಷಗಳು ಆತನ ಬಾಳಿನ ಸುಖದ ದಿನಗಳು. ಊರ ಹೊರಗೆ ಮನೆ ಮಾಡಿ, ಮಕ್ಕಳಿಗೆ ಹಾಲಾಗಲೆಂದು ಸಂತೆಯಲ್ಲಿ ಹಸುವೊಂದನ್ನು ಕೊಂಡು, ಅದನ್ನು ತಾನೇ ಬೀದಿಯಲ್ಲಿ ಹೊಡೆದುಕೊಂಡು ಬಂದನೆಂದೂ, ಹಾಲು ಕರೆಯುವ ಬಗೆಯನ್ನು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಲ್ಲಿ ಕೇಳಿದನೆಂದೂ ಒಂದು ಕಥೆಯುಂಟು. ಅರೇನಿಯಸ್, ನೆರ್ನ್ಸ್ಟ್ ಮೊದಲಾದ ತರುಣರು ದೂರದಿಂದ ಆತನನ್ನರಸಿ ಬಂದರು. 1884ರಲ್ಲಿ, ಗುರು ಸ್ಟೆಫಾನನು ಪ್ರಯೋಗಗಳ ಆಧಾರದಿಂದ ಹೇಳಿದ್ದ ಉಷ್ಣವಿಕಿರಣದ ನಿಯಮಕ್ಕೆ ಶಿಷ್ಯನು ಸೈದ್ಧಾಂತಿಕ ಸಮರ್ಥನೆಯನ್ನು ಒದಗಿಸಿದನು. ಇಂದಿಗೂ ಆ ನಿಯಮವು ಗುರುಶಿಷ್ಯರಿಬ್ಬರ ಹೆಸರನ್ನೂ ಕೂಡಿಯೇ ಧರಿಸಿದೆ.

1886ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿದ ಭಾಷಣದಲ್ಲಿ ಆತನು ತನ್ನ ತತ್ತ್ವವನ್ನು ಜೀವಲೋಕಕ್ಕೂ ವಿಸ್ತರಿಸಿದನು. ಜೀವಿಗಳು ಹೋರಾಡುವುದು ದ್ರವ್ಯಕ್ಕಾಗಿಯೂ ಅಲ್ಲ, ಬರಿಯ ಶಕ್ತಿಗಾಗಿಯೂ ಅಲ್ಲ. ಬಿಸಿಯಾದ ಸೂರ್ಯನಿಂದ ತಂಪಾದ ಭೂಮಿಗೆ ಶಕ್ತಿಯು ಇಳಿಯುವಾಗ ದೊರೆಯುವ ಎಂಟ್ರೊಪಿಯ ಅವಕಾಶಕ್ಕಾಗಿ ಎಂಬುದು ಆತನ ಅಭಿಪ್ರಾಯ. ಸೂರ್ಯನ ಮೇಲ್ಮೈಯ ತಾಪ ಸುಮಾರು 5,800 ಕೆಲ್ವಿನ್. ಭೂಮಿಯು ಪಡೆದ ಶಕ್ತಿಯನ್ನು ಆಕಾಶಕ್ಕೆ ಮರಳಿಸುವುದು ಸುಮಾರು 255 ಕೆಲ್ವಿನ್ ತಾಪದಲ್ಲಿ. ಬಂದ ಶಕ್ತಿಗೂ ಹೋದ ಶಕ್ತಿಗೂ ಬಹುಮಟ್ಟಿಗೆ ಅಂತರವಿಲ್ಲ. ಆದರೆ ಅದರೊಡನೆ ಹೊರಹೋಗುವ ಎಂಟ್ರೊಪಿಯು ಒಳಬಂದುದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಎರಡು ತಾಪಗಳ ಅಂತರದಲ್ಲಿಯೇ ಎಲೆಯು ಹಸಿರಾಗುತ್ತದೆ, ಗಾಳಿಯು ಬೀಸುತ್ತದೆ, ಮಳೆಯು ಸುರಿಯುತ್ತದೆ. ಅಣುವಿನ ಡಿಕ್ಕಿಯಿಂದ ಹಿಡಿದು ಭೂಮಂಡಲದವರೆಗೆ ಎಲ್ಲ ಪ್ರಮಾಣಗಳಲ್ಲಿಯೂ ಒಂದೇ ಲೆಕ್ಕವು ನಡೆಯುತ್ತಿರುವುದನ್ನು ಆತನ ದೃಷ್ಟಿಯು ಅಂದೇ ಕಂಡಿತ್ತು.

ಆದರೆ ಸುಖವು ಸ್ಥಿರವಾಗಿ ನಿಲ್ಲಲಿಲ್ಲ. 1885ರಲ್ಲಿ ತಾಯಿಯು ತೀರಿಕೊಂಡಳು. 1889ರಲ್ಲಿ ಹನ್ನೊಂದರ ಪ್ರಾಯದ ಹಿರಿಯ ಮಗ ಲುಡ್ವಿಗನು ಕರುಳಿನ ರೋಗದಿಂದ ಮಡಿದನು. ರೋಗದ ಗುರುತನ್ನು ಸಕಾಲದಲ್ಲಿ ತಾನು ಅರಿಯಲಿಲ್ಲವೆಂಬ ಕೊರಗು ತಂದೆಯನ್ನು ಬಿಡಲಿಲ್ಲ. ಇದಕ್ಕೆ ಮುಂಚೆಯೇ 1888ರಲ್ಲಿ ಬರ್ಲಿನ್ನಿನಿಂದ ಕಿರ್ಖಾಫನ ಸ್ಥಾನಕ್ಕೆ ಕರೆ ಬಂದಾಗ ಒಪ್ಪಿಕೊಂಡು, ಅನಂತರ ಚಿತ್ತವು ಡೋಲಾಯಮಾನವಾಗಿ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದನು. ಅಲ್ಲಿಂದ ಮುಂದೆ ಒಂದೆಡೆ ನೆಲೆಯೂರುವುದು ಆತನಿಂದಾಗಲಿಲ್ಲ. 1890ರಲ್ಲಿ ಮ್ಯೂನಿಕ್, 1894ರಲ್ಲಿ ದಿವಂಗತನಾದ ಸ್ಟೆಫಾನನ ಪೀಠಕ್ಕೆ ವಿಯೆನ್ನಾ, 1900ರಲ್ಲಿ ಲೈಪ್‌ಜಿಗ್, 1902ರಲ್ಲಿ ಮರಳಿ ವಿಯೆನ್ನಾ, ಹೀಗೆ ಸಂಚಾರವೇ ಆಯಿತು. ದೃಷ್ಟಿಯು ಬಹಳ ಮಂದವಾಗಿ ಓದಿ ಹೇಳುವವರ ನೆರವು ಬೇಕಾಯಿತು. ಉಬ್ಬಸವೂ ಎದೆನೋವೂ ಕಾಡಿದವು. ವಿಷಾದರೋಗವು ಮತ್ತೆ ಮತ್ತೆ ಮುಸುಕಿತು.

ವಿದ್ವತ್ಸಭೆಗಳಲ್ಲಿಯೂ ಪ್ರತಿಕೂಲವಾದ ಗಾಳಿ ಬೀಸತೊಡಗಿತ್ತು. ಕಣ್ಣಿಗೆ ಕಾಣದ ಪರಮಾಣುವನ್ನು ವಿಜ್ಞಾನದಲ್ಲಿ ಒಪ್ಪಬೇಕಾದ ಕಾರಣವಿಲ್ಲವೆಂಬುದು ಎರ್ನ್ಸ್ಟ್ ಮಾಖ್ ಎಂಬ ತಾತ್ತ್ವಿಕನ ಪಕ್ಷ. ಎಲ್ಲವೂ ಶಕ್ತಿಯ ರೂಪಾಂತರವೇ. ಪರಮಾಣುವಿನ ಕಲ್ಪನೆ ಅನಾವಶ್ಯಕವೆಂಬುದು ರಸಾಯನವಿಜ್ಞಾನಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡನ ಪಕ್ಷ. 1895ರ ಸೆಪ್ಟೆಂಬರಿನಲ್ಲಿ ಲ್ಯೂಬೆಕ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಬೋಲ್ಟ್ಸ್‌ಮನ್ನನು ಶಕ್ತಿವಾದಿಗಳನ್ನು ಎದುರಿಸಿ ವಾದಿಸಿದನು. ನೆರೆದ ತರುಣ ಗಣಿತಜ್ಞರು ಆತನ ಪರವಾಗಿ ನಿಂತರು. ವಾದದಲ್ಲಿ ಎದುರಾಳಿಯಾದ ಓಸ್ಟ್‌ವಾಲ್ಡನೊಡನೆ ಸ್ನೇಹವು ಮಾತ್ರ ಮುರಿಯಲಿಲ್ಲ. ಆತನಿದ್ದ ಲೈಪ್‌ಜಿಗ್ಗಿಗೇ ಬೋಲ್ಟ್ಸ್‌ಮನ್ನನು ಮುಂದೆ ಪ್ರಾಧ್ಯಾಪಕನಾಗಿ ಹೋದುದು ಅಂದಿನ ವಿದ್ವಾಂಸರ ಸೌಜನ್ಯಕ್ಕೆ ಸಾಕ್ಷಿ. 1896ರಲ್ಲಿ ಟ್ಸೆರ್ಮೆಲೊ ಎಂಬ ತರುಣನು ಇನ್ನೊಂದು ಆಕ್ಷೇಪವನ್ನು ತಂದನು. ಮಿತಿಯೊಳಗಿರುವ ಯಾವ ವ್ಯವಸ್ಥೆಯೂ ಸಾಕಷ್ಟು ಕಾಲ ಕಳೆದ ಮೇಲೆ ತನ್ನ ಮೊದಲ ಸ್ಥಿತಿಯ ಸಮೀಪಕ್ಕೆ ಮರಳುವುದೆಂದು ಪ್ವಾಂಕರೆಯು ತೋರಿಸಿರುವಾಗ ಎಂಟ್ರೊಪಿಯು ಸದಾ ಏರುವುದು ಹೇಗೆಂಬುದು ಆತನ ಪ್ರಶ್ನೆ. ಮರಳುವುದು ನಿಜ, ಆದರೆ ಅಲ್ಪ ಪ್ರಮಾಣದ ವಾಯುವಿಗೂ ಅದಕ್ಕೆ ಬೇಕಾಗುವ ಕಾಲವನ್ನು ಬರೆಯಹೊರಟರೆ ಅಂಕೆಗಳೇ ಕೋಟ್ಯನುಕೋಟಿಯಾಗುವವೆಂದು ಬೋಲ್ಟ್ಸ್‌ಮನ್ನನು ಲೆಕ್ಕ ಹಾಕಿ ತೋರಿಸಿದನು.

ಇಷ್ಟಾದರೂ ತನ್ನ ಪಕ್ಷವು ಸೋಲುತ್ತಿದೆಯೆಂಬ ಭಾವನೆಯು ಆತನಲ್ಲಿ ಬಲಿಯುತ್ತ ಬಂದಿತು. ವಾಯುಗಳ ಸಿದ್ಧಾಂತವನ್ನು ಕುರಿತ ಉಪನ್ಯಾಸಗಳ ಎರಡನೆಯ ಸಂಪುಟವು 1898ರಲ್ಲಿ ಹೊರಬಂದಾಗ, ಕಾಲಪ್ರವಾಹಕ್ಕೆ ಎದುರಾಗಿ ದುರ್ಬಲವಾಗಿ ಹೋರಾಡುತ್ತಿರುವ ಒಬ್ಬಂಟಿ ತಾನೆಂದು ಮುನ್ನುಡಿಯಲ್ಲಿ ಹೇಳಿಕೊಂಡನು. ಮುಂದೆಂದಾದರೂ ಈ ಸಿದ್ಧಾಂತವನ್ನು ಲೋಕವು ಮತ್ತೆ ಕೈಗೆತ್ತಿಕೊಂಡರೆ ಎಲ್ಲವನ್ನೂ ಹೊಸದಾಗಿ ಹುಡುಕುವ ಶ್ರಮವು ಬಾರದಿರಲಿ ಎಂಬುದೇ ಗ್ರಂಥರಚನೆಯ ಉದ್ದೇಶವೆಂದನು. ತಾನು ಉಣ್ಣದ ಹಣ್ಣಿಗಾಗಿ ಸಸಿಯನ್ನು ನೆಟ್ಟು ನೀರೆರೆದಂತೆ ಆ ಮಹನೀಯನು ಬರೆದನು.

ವಿಯೆನ್ನಾಕ್ಕೆ ಮರಳಿದ ಮೇಲೆ ಆತನ ಪಾಠಗಳನ್ನು ಕೇಳಿದವರಲ್ಲಿ ಲೀಸೆ ಮೈಟ್ನರ್ ಎಂಬ ತರುಣಿಯೂ ಒಬ್ಬಳು. ಮುಂದೆ ಪರಮಾಣು ಬೀಜದ ವಿದಳನವನ್ನು ವಿವರಿಸಿ ವಿಖ್ಯಾತಳಾದ ಆಕೆ, ತಾನು ಕೇಳಿದ ಪಾಠಗಳಲ್ಲೆಲ್ಲ ಬೋಲ್ಟ್ಸ್‌ಮನ್ನನ ಪಾಠಗಳೇ ಅತ್ಯಂತ ಸುಂದರವೆಂದು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದಳು. ಕರಿಹಲಗೆಯ ಮುಂದೆ ನಿಂತಾಗ ಆತನ ವಿಷಾದವೆಲ್ಲ ಮರೆಯಾಗುತ್ತಿತ್ತು. 1905ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಉಪನ್ಯಾಸಕ್ಕಾಗಿ ಹೋಗಿ ಬಂದು ಆ ಪ್ರವಾಸವನ್ನು ನಗೆ ಉಕ್ಕುವಂತೆ ಬರೆದನು. ಆದರೆ 1906ರಲ್ಲಿ ವ್ಯಾಧಿಯು ಉಲ್ಬಣಿಸಿ ಪಾಠಗಳನ್ನು ನಿಲ್ಲಿಸಬೇಕಾಯಿತು. ವಿಶ್ರಾಂತಿಗೆಂದು ಪತ್ನಿಯೊಡನೆ ಆಡ್ರಿಯಾಟಿಕ್ ಕಡಲತೀರದ ದುಯಿನೊ ಎಂಬ ಊರಿಗೆ ಹೋಗಿದ್ದಾಗ, ಸೆಪ್ಟೆಂಬರ್ 5ರಂದು, ಆತನು ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಆಗ ವಯಸ್ಸು ಅರುವತ್ತೆರಡು. ವಿರೋಧಿಗಳ ವಾದವೇ ಆತನನ್ನು ಕೊಂದಿತೆಂದು ಕೆಲವರು ಹೇಳುವುದುಂಟು. ಬಹುಕಾಲದಿಂದ ಬಾಧಿಸುತ್ತಿದ್ದ ಮನೋವ್ಯಾಧಿಯನ್ನು ಮರೆತು ಹಾಗೆ ಹೇಳುವುದು ಯುಕ್ತವಲ್ಲ. ಅಂತಹ ವ್ಯಾಧಿಯು ಜ್ಞಾನಿಯನ್ನೂ ಬಿಡದೆಂಬುದನ್ನೂ, ಅದಕ್ಕೆ ನಿಂದೆಯಲ್ಲದೆ ಆರೈಕೆಯೇ ಸಲ್ಲತಕ್ಕುದೆಂಬುದನ್ನೂ ಈ ದುರಂತವು ತಿಳಿಸುತ್ತದೆ.

ಆತನು ಕಾಣಬಯಸಿದ್ದ ಬೆಳಗು ಅಷ್ಟರಲ್ಲಿಯೇ ಮೂಡತೊಡಗಿತ್ತು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಎಡೆಬಿಡದ ತುಯ್ದಾಟಕ್ಕೆ ಅಣುಗಳ ಹೊಡೆತವೇ ಕಾರಣವೆಂದು ಐನ್‌ಸ್ಟೈನನು 1905ರಲ್ಲಿ ಗಣಿತದಿಂದ ತೋರಿಸಿದ್ದನು. 1908ರಿಂದ ಮುಂದಕ್ಕೆ ಪ್ಯಾರಿಸ್ಸಿನ ಪೆರಿನ್ ಅದನ್ನು ಪ್ರಯೋಗಗಳಿಂದ ಸ್ಥಿರಪಡಿಸಿದನು. ಬೋಲ್ಟ್ಸ್‌ಮನ್ನನು ತೀರಿಕೊಂಡ ಎರಡು ಮೂರು ವರ್ಷಗಳಲ್ಲಿಯೇ ಓಸ್ಟ್‌ವಾಲ್ಡನು ಪರಮಾಣುಗಳ ಅಸ್ತಿತ್ವವನ್ನು ಬಹಿರಂಗವಾಗಿ ಒಪ್ಪಿಕೊಂಡನು. ಅದಕ್ಕೂ ಹಿಂದೆ 1900ರಲ್ಲಿ ಮ್ಯಾಕ್ಸ್ ಪ್ಲಾಂಕನು ಬೋಲ್ಟ್ಸ್‌ಮನ್ನನ ಎಣಿಕೆಯ ಮಾರ್ಗವನ್ನೇ ಹಿಡಿದು ಕ್ವಾಂಟಮ್ ಸಿದ್ಧಾಂತಕ್ಕೆ ತಳಹದಿ ಹಾಕಿದ್ದನು. ಎಂಟ್ರೊಪಿಯ ಸೂತ್ರವನ್ನು ಇಂದಿನ ರೂಪದಲ್ಲಿ ಬರೆದವನೂ ಆತನೇ. ಆ ಸೂತ್ರದಲ್ಲಿ ಬರುವ ಸ್ಥಿರಾಂಕವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕವೆಂದು ಕರೆಯುವರು. 2019ರಿಂದ ತಾಪದ ಮೂಲಮಾನವಾದ ಕೆಲ್ವಿನ್ನನ್ನು ಈ ಸ್ಥಿರಾಂಕದ ಆಧಾರದಿಂದಲೇ ನಿರೂಪಿಸಲಾಗುತ್ತಿದೆ.

ಸಮಸ್ಥಿತಿಯಿಂದ ದೂರವಿರುವ ವ್ಯವಸ್ಥೆಗಳ ವಿಚಾರವೂ ಆತನು ತೋರಿದ ದಾರಿಯಲ್ಲಿ ಬೆಳೆಯಿತು. ಉಷ್ಣ, ವಿದ್ಯುತ್ತು, ದ್ರವ್ಯ ಇವುಗಳ ಪ್ರವಾಹಗಳು ಒಂದನ್ನೊಂದು ಪ್ರಭಾವಿಸುವ ಬಗೆಯಲ್ಲಿರುವ ಸಮತೆಯನ್ನು ಲಾರ್ಸ್ ಓನ್ಸಾಗರನು 1931ರಲ್ಲಿ ತೋರಿಸಿ 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಎಂಟ್ರೊಪಿಯ ಉತ್ಪತ್ತಿಯು ನಡೆಯುತ್ತಿರುವಾಗಲೇ ವ್ಯವಸ್ಥಿತವಾದ ರಚನೆಗಳು ಮೂಡಬಲ್ಲವೆಂಬುದನ್ನು ವಿವೇಚಿಸಿದ ಇಲ್ಯಾ ಪ್ರಿಗೊಜಿನನಿಗೆ 1977ರಲ್ಲಿ ಅದೇ ಗೌರವವು ಸಂದಿತು. ಅತಿ ಸಣ್ಣ ವ್ಯವಸ್ಥೆಗಳಲ್ಲಿ, ಅತ್ಯಲ್ಪ ಕಾಲದವರೆಗೆ, ಎಂಟ್ರೊಪಿಯು ಇಳಿಯುವುದೂ ಉಂಟೆಂಬುದಕ್ಕೆ 1993ರಲ್ಲಿ ನಿಷ್ಕೃಷ್ಟವಾದ ಲೆಕ್ಕವು ದೊರೆಯಿತು. 2002ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ನೀರಿನೊಳಗಿನ ಸೂಕ್ಷ್ಮ ಮಣಿಯೊಂದನ್ನು ಬೆಳಕಿನ ಕಿರಣದಿಂದ ಹಿಡಿದೆಳೆದು ಅಂತಹ ಇಳಿತವನ್ನು ಕಣ್ಣಾರೆ ಕಂಡರು. ವ್ಯವಸ್ಥೆಯು ದೊಡ್ಡದಾದಂತೆಲ್ಲ, ಕಾಲವು ದೀರ್ಘವಾದಂತೆಲ್ಲ, ಆ ಇಳಿತವು ಅಪರೂಪವಾಗಿ ಕಡೆಗೆ ಕಾಣದೆಯೇ ಹೋಗುತ್ತದೆ. ಎರಡನೆಯ ನಿಯಮವು ಸಂಭವನೀಯತೆಯ ನಿಯಮವೆಂದು 1877ರಲ್ಲಿ ಗುರುವಿಗೆ ಶಿಷ್ಯನು ಕೊಟ್ಟ ಉತ್ತರವು ಹೀಗೆ ನೂರಿಪ್ಪತ್ತೈದು ವರ್ಷಗಳ ಬಳಿಕ ಪ್ರಯೋಗಶಾಲೆಯಲ್ಲಿ ಸ್ಥಿರಪಟ್ಟಿತು.

ವಿಯೆನ್ನಾ ನಗರದ ದೊಡ್ಡ ರುದ್ರಭೂಮಿಯಲ್ಲಿ ಆತನ ಸಮಾಧಿಯಿದೆ. ಅಲ್ಲಿ ನಿಲ್ಲಿಸಿರುವ ಅಮೃತಶಿಲೆಯ ವಿಗ್ರಹದ ಮೇಲ್ಗಡೆ ಎಂಟ್ರೊಪಿಯ ಆ ಚಿಕ್ಕ ಸೂತ್ರವನ್ನು ಕೆತ್ತಿದ್ದಾರೆ. ಆರುತ್ತಿರುವ ಹಾಲನ್ನೂ ಹರಡುತ್ತಿರುವ ಪರಿಮಳವನ್ನೂ ಕಂಡಾಗಲೆಲ್ಲ ವಿದ್ಯಾರ್ಥಿಗಳು ಅದರ ಹಿಂದಿರುವ ಅಸಂಖ್ಯಾತ ಅಣುಗಳನ್ನೂ, ಅವುಗಳ ಲೆಕ್ಕವನ್ನಿಟ್ಟ ಈ ತತ್ತ್ವನಿಷ್ಠನನ್ನೂ ನೆನೆದರೆ ಆತನ ಶ್ರಮವು ಸಾರ್ಥಕವಾದಂತೆ.